ಟೇಪಿನ ತುದಿಯ ಹತ್ತು ಸೆಂಟಿಮೀಟರ್

ಕ್ರೀಡಾ ವಸತಿಗೃಹ, ಮೇಲ್ಮಹಡಿ,
ನೀರಿನ ಟ್ಯಾಂಕಿನ ಪಕ್ಕದ ಕೋಣೆ
ಶನಿವಾರ, ಏಪ್ರಿಲ್ ೨೭, ಮಧ್ಯಾಹ್ನ ಎರಡೂವರೆ

ಪ್ರೀತಿಯ ಅಕ್ಕಾ,

ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸುವವನೂ, ನಲವತ್ತೊಂದು ವರ್ಷ ಮೂರು ತಿಂಗಳು ಪ್ರಾಯದವನೂ, ಸ್ವಸ್ಥಚಿತ್ತನೂ ಆದ ನಾನು, ಯಾರ ಒತ್ತಾಯಕ್ಕೂ ಒಳಗಾಗದೆ ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಬುಧವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಪ್ರೌಢಶಾಲಾ ಕ್ರೀಡಾಪಟುಗಳ ತರಬೇತಿ ಶಿಬಿರದ ಊಟದ ಮನೆಯಲ್ಲಿ, ಮಕ್ಕಳಿಗೆಂದೇ ಬೇಯಿಸಿಟ್ಟಿದ್ದ ಎರಡು ಮೊಟ್ಟೆಗಳನ್ನು ತಿಂದವನು ನಾನೇ. ತಲೆಗೆ ಎರಡರಂತೆ ಮೂವತ್ತೆರಡು ಮಕ್ಕಳಿಗೆ ಅರವತ್ತನಾಲ್ಕು ಮೊಟ್ಟೆ. ಗುಂಡು ಎಸೆಯುವ ಹುಡುಗನೊಬ್ಬನಿಗೆ ಹೊಟ್ಟೆ ಕೆಟ್ಟು ಎರಡು ಮೊಟ್ಟೆ ತಬ್ಬಲಿಗಳಾದವು. ತಬ್ಬಲಿ ಮೊಟ್ಟೆಗಳಿಗೆ ಹೊಟ್ಟೆಯಲ್ಲಿ ಜಾಗ ಕೊಟ್ಟೆ, ಅಷ್ಟೇ. ಈ ತಪ್ಪನ್ನು ನೀನು ಹೊಟ್ಟೆಗೆ ಹಾಕಿಕೋ; ಮೊಟ್ಟೆಗಳನ್ನು ನಾನು ಆಗಲೇ ಹಾಕಿಕೊಂಡಿದ್ದೇನೆ.

ನಿನ್ನ ಮಂಡಿ ಹೇಗಿದೆ? ಗುಡ್ಡ ಹತ್ತಿ ಇಳಿದು ರೈಲುದಾರಿಗೆ ಗುರುತು ಹಾಕುವ ಕೆಲಸದಲ್ಲಿ ಮಂಡಿಯೇ ಮಂಡಿಯೂರಿಬಿಟ್ಟಿತೆಂದು ಹಿಂದಿನ ಪತ್ರದಲ್ಲಿ ಬರೆದಿದ್ದೆಯಲ್ಲ, ಅದನ್ನು ಓದಿ ನನ್ನಾಕೆ ಎಣ್ಣೆಯ ಸೀಸೆಯೊಂದನ್ನು ಕಟ್ಟಿಕೊಟ್ಟಿದ್ದಾಳೆ. ಇದರ ಜೊತೆ, ನಿಮ್ಮ ಡೇರೆಗಳಿಗೆ ಸಾಮಾನು ಒಯ್ಯುವ ಜೀಪಿನಲ್ಲಿ ಬರುತ್ತದೆ. ಹಚ್ಚಿಕೊಳ್ಳುವುದಕ್ಕೆ, ಕಪಾಟಿನಲ್ಲಿ ಇಟ್ಟುಕೊಳ್ಳುವುದಕ್ಕಲ್ಲ. ಡೇರೆಯಲ್ಲಿ ರಾತ್ರಿ ಚಳಿ ಎಂದಿದ್ದೆ, ಎರಡು ಕಾಲುಚೀಲ ಹಾಕಿಕೋ. ನಿಮ್ಮಲ್ಲಿಗೆ ಫೋನಿನ ಸಿಗ್ನಲ್ ಬರುವ ಲಕ್ಷಣವಿಲ್ಲದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ. ಇವತ್ತು ನಾನು ಹೇಳಬೇಕಾದ್ದನ್ನು ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ.

ನಿನ್ನ ಮಗಳು ಚೆನ್ನಾಗಿದ್ದಾಳೆ. ಅದನ್ನು ಮೊದಲೇ ಬರೆದುಬಿಡಬೇಕಿತ್ತು. ಮೊಟ್ಟೆಗೆ ಆದ್ಯತೆ ಕೊಟ್ಟದ್ದಕ್ಕೆ ಕ್ಷಮಿಸು. ಈ ಹತ್ತೊಂಬತ್ತು ದಿನಗಳಲ್ಲಿ ಬಿಸಿಲಿಗೆ ಇನ್ನೊಂದು ಸುತ್ತು ಕಪ್ಪಾಗಿದ್ದಾಳೆ, ಇನ್ನೊಂದು ಬೆರಳು ಉದ್ದವಾಗಿದ್ದಾಳೆ. ಇಡೀ ಶಿಬಿರ ಅವಳನ್ನು ಕೊಕ್ಕರೆ ಎಂದೇ ಕರೆಯುತ್ತದೆ. ಆ ಹೆಸರು ಇಟ್ಟವನು ನಾನಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ, ನೀನು ನಂಬುವುದಿಲ್ಲ ಎಂಬುದೂ ಗೊತ್ತು. ಬೆಳಿಗ್ಗೆ ಐದೂವರೆಗೆ ಮೈ ಬಿಸಿಮಾಡಿಕೊಳ್ಳುವ ಓಟ, ಆರಕ್ಕೆ ಮರಳಿನ ಹೊಂಡ. ಕೋಚ್ ಮೇಡಂ ಹಿಂದೆ ಹರ್ಡಲ್ಸ್ ಓಡಿದವರು, ಈಗಲೂ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾರೆ. ಮಾತು ಕಡಿಮೆ, ಸೀಟಿ ಜಾಸ್ತಿ. ಒಂದು ಸೀಟಿ ಎಂದರೆ ನಿಲ್ಲಿ, ಎರಡು ಎಂದರೆ ಓಡಿ, ಮೂರು ಎಂದರೆ ರಿಜಿಸ್ಟರ್ ಹಿಡಿದ ಮೇಷ್ಟ್ರೇ, ಓಟದ ದಾರಿಗೆ ಅಡ್ಡ ನಿಂತಿದ್ದೀರಿ. ದಿನಕ್ಕೆ ಹತ್ತು ಸಲವಾದರೂ ಮೂರು ಸೀಟಿ ಕೇಳುತ್ತದೆ. ರಜೆಯಲ್ಲಿ ಮನೆಯಲ್ಲಿ ಬಿದ್ದುಕೊಂಡಿರುವ ಬದಲು ಶಿಬಿರದಲ್ಲಿ ಅಂಕಿ ಬರೆಯುವ ಕೆಲಸ ಹಿಡಿದು ಮಗಳ ಮೇಲೊಂದು ಕಣ್ಣಿಡು ಎಂದವಳು ನೀನು. ಕಣ್ಣಿಟ್ಟೆ. ಅಂಕಿಯ ಮೇಲೂ ಇಡಬೇಕಿತ್ತು.

ವಿಷಯಕ್ಕೆ ಬರುತ್ತೇನೆ. ಮಂಗಳವಾರ ಬೆಳಿಗ್ಗೆಯ ಜೀಪಿನಲ್ಲಿ ನಾನು ಕಳಿಸಿದ ಚೀಟಿ ನಿನಗೆ ತಲುಪಿರಬೇಕು. ಐದು ಮೀಟರ್ ಮೂರು ಸೆಂಟಿಮೀಟರ್, ಕೆಳಗೆ ಎರಡು ಗೆರೆ, ಪಕ್ಕದಲ್ಲಿ ನಾನೇ ಬಿಡಿಸಿದ ಹಾರುವ ಕೊಕ್ಕರೆ. ಆ ಚೀಟಿಯನ್ನು ನೀನು ಡೇರೆಯ ಕಂಬಕ್ಕೆ ಸಿಕ್ಕಿಸಿದ್ದರೆ ದಯವಿಟ್ಟು ತೆಗೆದುಬಿಡು. ಕೊಕ್ಕರೆಯ ಚಿತ್ರ ಬೇಕಾದರೆ ಇರಲಿ, ಸಂಖ್ಯೆ ಸುಳ್ಳು.

ಆದದ್ದು ಹೀಗೆ. ಇಲ್ಲಿ ಉದ್ದ ಜಿಗಿತದ ಹೊಂಡ ನೋಡಿಕೊಳ್ಳುವವನೊಬ್ಬನಿದ್ದಾನೆ, ಮಕ್ಕಳ ಬಾಯಲ್ಲಿ ಹೊಂಡದಣ್ಣ. ಮರಳು ಕೆದಕುವವನು ಅವನೇ, ಟೇಪು ಹಿಡಿದು ಅಳೆಯುವವನು ಅವನೇ, ಅಳತೆ ಕೂಗುವವನೂ ಅವನೇ. ಅವನು ಕೂಗಿದ್ದನ್ನು ನಾನು ಬರೆದುಕೊಳ್ಳುತ್ತೇನೆ, ಮೇಡಂ ಜಿಗಿಯುವವರ ಕಾಲು ಹಲಗೆಯ ಗೆರೆ ದಾಟಿತೇ ಎಂದು ನೋಡುತ್ತಾರೆ. ಸೋಮವಾರ ಹೊಂಡದಣ್ಣನ ದವಡೆ ಬಾತು ಹಲ್ಲಿನ ಡಾಕ್ಟರ ಹತ್ತಿರ ಹೋದ. ಟೇಪು ನನ್ನ ಕೈಗೆ ಬಂತು. ಅಕ್ಕಾ, ನೀನು ಬೆಟ್ಟ ಅಳೆಯುವವಳು, ನಾನು ಬರೀ ಮಾತಿನಲ್ಲಿ ಅಳೆದು ಸುರಿಯುವವನು. ಆದರೂ ನಮ್ಮ ವಂಶಕ್ಕೆ ಅಳತೆ ರಕ್ತದಲ್ಲೇ ಬಂದಿದೆ ಎಂಬ ಹೆಮ್ಮೆಯಿಂದ ಮರಳಿನ ಗುರುತಿಗೆ ಟೇಪಿನ ತುದಿಯನ್ನು ಮೊಳೆಯಿಂದ ಚುಚ್ಚಿ, ಹಲಗೆಯ ತನಕ ಎಳೆದುಕೊಂಡು ಬಂದು, ಕಂಡದ್ದನ್ನು ಕೂಗಿದೆ, ಕೂಗಿದ್ದನ್ನು ಬರೆದೆ.

ಅವಳ ಸರದಿ ಬಂದಾಗ ಪಕ್ಕಕ್ಕೆ ಕರೆದು ಒಂದು ಉಪದೇಶವನ್ನೂ ಮಾಡಿದೆ. ಹಿಂದಿನಿಂದ ನಿನ್ನಮ್ಮ ಗಣಿತದ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಬರುತ್ತಿದ್ದಾಳೆ ಅಂದುಕೊಂಡು ಓಡು ಎಂದೆ. ನಕ್ಕಳು, ಓಡಿದಳು, ಹಾರಿದಳು. ವರ್ಷವಿಡೀ ನಾಲ್ಕು ತೊಂಬತ್ತೊಂದರಲ್ಲಿ ಗೂಟ ಹೊಡೆದುಕೊಂಡು ಕೂತಿದ್ದ ಹುಡುಗಿ ಐದು ಮೂರು. ಮಕ್ಕಳೆಲ್ಲ ಮುತ್ತಿಕೊಂಡರು. ಊಟದ ಮನೆಯ ಗೋಡೆಯ ಮೇಲಿನ ಕಪ್ಪುಹಲಗೆಯಲ್ಲಿ, ಐದು ದಾಟಿದವರ ಪಟ್ಟಿಗೆ ಮೇಡಂ ಅವಳ ಹೆಸರು ಸೇರಿಸಿದರು. ನಾನು ಊಟದ ಹೊತ್ತಿಗೆ ಎದ್ದು ನಿಂತು ಮನಸ್ಸಿಗೂ ಮಾಂಸಖಂಡಕ್ಕೂ ಇರುವ ಸಂಬಂಧದ ಬಗ್ಗೆ ಹನ್ನೊಂದು ನಿಮಿಷ ಮಾತಾಡಿದೆ. ಒಂದು ಉಪದೇಶಕ್ಕೆ ಹನ್ನೆರಡು ಸೆಂಟಿಮೀಟರ್ ಎಂದರೆ ಆರು ಉಪದೇಶಕ್ಕೆ ಎಷ್ಟು ಎಂದು ಮಕ್ಕಳನ್ನೇ ಕೇಳಿದೆ. ಅವಳೊಬ್ಬಳು ಮಾತ್ರ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು. ವಿನಯ ಅಂದುಕೊಂಡೆ.

ಹೊಂಡದಣ್ಣ ದವಡೆಗೆ ಬಟ್ಟೆ ಕಟ್ಟಿಕೊಂಡು ವಾಪಸು ಬಂದ. ಟೇಪಿಗೆ ಅಂಟಿದ ಮರಳು ಒರೆಸುತ್ತಾ, ಸಾರ್, ಹತ್ತು ಕಳೆದು ಬರ್ಕೊಂಡ್ರಿ ತಾನೆ, ಎಂದ. ಯಾವ ಹತ್ತು ಎಂದೆ. ತುದಿ ತೋರಿಸಿದ. ಸೊನ್ನೆ ಇರಬೇಕಾದಲ್ಲಿ ಹತ್ತು ಇತ್ತು. ಎಷ್ಟೋ ವರ್ಷದ ಹಿಂದೆ ಹುಲ್ಲು ಕತ್ತರಿಸುವ ಯಂತ್ರ ಟೇಪಿನ ಮೊದಲ ಹತ್ತು ಸೆಂಟಿಮೀಟರನ್ನು ತಿಂದುಹಾಕಿದೆಯಂತೆ. ಅಂದಿನಿಂದ ಇವನು ಹಲಗೆಯ ಬಳಿ ಕಂಡ ಅಂಕಿಯಲ್ಲಿ ಮನಸ್ಸಿನಲ್ಲೇ ಹತ್ತು ಕಳೆದು ಕೂಗುತ್ತಾನೆ. ಅದು ಅವನಿಗೆ ಉಸಿರಾಟದಷ್ಟು ಸಹಜ. ಅದಕ್ಕೇ ಯಾರಿಗೂ ಹೇಳಿಲ್ಲ. ಉಸಿರಾಡುತ್ತೇನೆ ಎಂದು ಯಾರು ಯಾರಿಗೆ ಹೇಳುತ್ತಾರೆ? ಹೊಸ ಟೇಪು ಬೇಕೆಂದು ಕೇಳಿದರೆ ಹಳೆಯದು ಇದೆಯಲ್ಲ ಎನ್ನುತ್ತಾರಂತೆ ಮೇಲಿನವರು. ಸೋಮವಾರ ಹಾರಿದ ಎಲ್ಲರಿಗೂ ನಾನು ತಲಾ ಹತ್ತು ಸೆಂಟಿಮೀಟರ್ ದಾನ ಮಾಡಿದ್ದೆ. ಉಳಿದವರು ಐದಕ್ಕಿಂತ ತೀರ ಮೇಲೆ, ಇಲ್ಲವೇ ತೀರ ಕೆಳಗೆ. ದಾನ ದಕ್ಕಿ ಐದು ದಾಟಿದವಳು ಇವಳೊಬ್ಬಳೇ. ನಿಜವಾದ ಅಳತೆ ನಾಲ್ಕು ತೊಂಬತ್ತಮೂರು.

ಇಲ್ಲಿ, ಅಕ್ಕಾ, ನಿನ್ನ ತಮ್ಮನ ಬಗ್ಗೆ ನೀನು ಸ್ವಲ್ಪ ಹೆಮ್ಮೆ ಪಡಬಹುದು. ಶಿಬಿರದ ಕೊನೆಯ ಶನಿವಾರದ ಆಯ್ಕೆಯಲ್ಲಿ ಐದು ದಾಟಿದವರಿಗಷ್ಟೇ ಮುಂದಿನ ಕೂಟದ ತಂಡದಲ್ಲಿ ಜಾಗ ಎಂಬುದು ನನಗೆ ಗೊತ್ತಿತ್ತು. ಈ ಸಲ ದಾಟದಿದ್ದರೆ ಮುಂದಿನ ವರ್ಷ ಪುಸ್ತಕ ಹಿಡಿ, ಮರಳು ಬಿಡು ಎಂದು ನೀನು ಅವಳಿಗೆ ಪತ್ರದಲ್ಲಿ ಹಾಕಿದ ಷರತ್ತೂ ಗೊತ್ತಿತ್ತು. ಆ ಪತ್ರವನ್ನು ಅವಳು ಬೂಟಿನ ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಾಳೆ. ಹಾರಿದೆ ಎಂಬ ನಂಬಿಕೆಯೇ ಅವಳನ್ನು ನಿಜವಾಗಿ ಹಾರಿಸಬಹುದು, ಸುಮ್ಮನಿದ್ದುಬಿಡೋಣ ಎಂದು ಬೇರೆ ಯಾರಾದರೂ ಯೋಚಿಸುತ್ತಿದ್ದರು. ಹಾರಿಕೆಯ ಉತ್ತರ ಕೊಟ್ಟು ಜಾರಿಕೊಳ್ಳುತ್ತಿದ್ದರು. ನಾನು ತಿಳಿದ ಕ್ಷಣವೇ, ಒಂದು ಗಳಿಗೆಯೂ ತಡಮಾಡದೆ, ಮೇಡಂ ಮತ್ತು ಅವಳನ್ನು ಪ್ರೇಕ್ಷಕರ ಕಟ್ಟೆಯ ಮೆಟ್ಟಿಲ ಮೇಲೆ ಕೂರಿಸಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಕೈಕಟ್ಟಿ ನಿಂತು ಹೇಳಿದೆ. ಮೇಡಂ ಸೀಟಿಯನ್ನು ಸೆರಗಿನಲ್ಲಿ ಒರೆಸುತ್ತಾ ಕೂತರು. ಇವಳು ನನ್ನ ಕೈ ಮೇಲೆ ಕೈ ಇಟ್ಟು, ಹೋಗ್ಲಿ ಬಿಡಿ ಮಾವ, ಎಂದಳು. ಹದಿನೈದು ವರ್ಷದ ಹುಡುಗಿಗೆ ಇಷ್ಟು ಸಮಚಿತ್ತ ಎಲ್ಲಿಂದ ಬರಬೇಕು? ಎರಡು ವರ್ಷದಿಂದ ನನ್ನ ಮನೆಯಲ್ಲಿ ಬೆಳೆಯುತ್ತಿದ್ದಾಳೆ, ನಿಜ ನುಡಿಯುವುದನ್ನು ಕಣ್ಣಾರೆ ನೋಡುತ್ತಾಳೆ. ಹೂವಿನೊಂದಿಗೆ ನಾರು ಎಂಬ ಮಾತಿದೆಯಲ್ಲ. ಹೂವು ಯಾರು, ನಾರು ಯಾರು ಎಂದು ನಾನೇ ಹೇಳಿದರೆ ಚೆನ್ನಾಗಿರುವುದಿಲ್ಲ.

ಇವತ್ತು ಬೆಳಿಗ್ಗೆ ಆಯ್ಕೆ ನಡೆಯಿತು. ಹೊರಗಿನಿಂದ ಇಬ್ಬರು ತೀರ್ಪುಗಾರರು ಹೊಸ ಟೇಪು ತಂದಿದ್ದರು. ಅದರ ತುದಿಯಲ್ಲಿ ಸೊನ್ನೆ ಇದೆಯೇ ಎಂದು ನಾನು ಕನ್ನಡಕ ಹಾಕಿ ನೋಡಿದೆ, ಮೂರು ಸೀಟಿ ಬಿತ್ತು. ಆರು ಅವಕಾಶ. ಮೊದಲನೆಯದು ನಾಲ್ಕು ಎಂಬತ್ತೆಂಟು. ಎರಡನೆಯದರಲ್ಲಿ ಕಾಲು ಗೆರೆ ದಾಟಿ ಕೆಂಪು ಬಾವುಟ. ಆಮೇಲೆ ತೊಂಬತ್ತು, ತೊಂಬತ್ತನಾಲ್ಕು. ಐದನೆಯದು ಮತ್ತೆ ಕೆಂಪು, ಅಕ್ಕಾ, ಅದು ಖಂಡಿತ ಐದರಾಚೆ ಬಿದ್ದಿತ್ತು, ಆದರೆ ಬೂಟಿನ ತುದಿ ಗೆರೆಯಿಂದ ಒಂದು ಬೆರಳು ಮುಂದಿತ್ತು. ಕೊನೆಯದಕ್ಕೆ ಅವಳು ಓಟದ ಗುರುತನ್ನು ಅರ್ಧ ಹೆಜ್ಜೆ ಹಿಂದಕ್ಕೆ ಸರಿಸಿ ನಿಂತಳು. ಎರಡು ಸಲ ಮುಂಗಾಲ ಮೇಲೆ ತೂಗಿದಳು, ಹೊರಟಳು. ನಾನು ಕಣ್ಣು ಮುಚ್ಚಿಕೊಂಡೆ. ತೆಗೆದಾಗ ತೀರ್ಪುಗಾರ ಬಗ್ಗಿದ್ದ, ಹೊಂಡದಣ್ಣ ಕೆದಕುವ ಕೋಲನ್ನು ಎದೆಗೊತ್ತಿಕೊಂಡು ನಿಂತಿದ್ದ. ನಾಲ್ಕು ತೊಂಬತ್ತೇಳು.

ಮೂರು ಸೆಂಟಿಮೀಟರ್. ನನ್ನ ಹೆಬ್ಬೆರಳಿನ ಅಗಲ ಅದಕ್ಕಿಂತ ಸ್ವಲ್ಪ ಕಡಿಮೆ, ಈಗ ಅಳೆದು ನೋಡಿದೆ. ತಂಡಕ್ಕೆ ಇಬ್ಬರು ಹುಡುಗಿಯರು ಆಯ್ಕೆಯಾದರು, ಇವಳು ಆಗಲಿಲ್ಲ. ಆ ಇಬ್ಬರಿಗೂ ಕೈ ಕುಲುಕಿದಳು. ನೇರವಾಗಿ ನನ್ನ ಮೇಜಿಗೆ ಬಂದು, ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು, ಆ ಸಂಖ್ಯೆಯ ಮೇಲೆ ಮರಳು ಮೆತ್ತಿದ ಬೆರಳಿಟ್ಟು ಕೇಳಿದಳು: "ಇದು ನಿಜದ್ದೇ ತಾನೆ ಮಾವ?" ನಿಜದ್ದೇ ಎಂದೆ. ಹಾಗಾದ್ರೆ ಸರಿ ಎಂದಳು. ಆಮೇಲೆ ಹೋಗಿ ನೀರಿನ ನಲ್ಲಿಯ ಕೆಳಗೆ ಬಹಳ ಹೊತ್ತು ಮುಖ ತೊಳೆದಳು. ಅಷ್ಟು ಹೊತ್ತು ತೊಳೆಯುವಷ್ಟು ಮರಳು ಮುಖದ ಮೇಲೆ ಇರಲಿಲ್ಲ. ಈಗ ನಿದ್ದೆ ಮಾಡುತ್ತಿದ್ದಾಳೆ, ಕೆಳಗಿನ ಕೋಣೆಯಲ್ಲಿ, ಬೂಟು ಬಿಚ್ಚದೆ.

ಅವಳು ನಿನಗೆ ಬೇರೆಯೇ ಬರೆಯುತ್ತಾಳಂತೆ, ನಾಳೆ. ಮನೆಯಲ್ಲಿ ಎಲ್ಲರೂ ಕ್ಷೇಮ. ನಿನ್ನ ಕೋಣೆಯ ಕಿಟಕಿಯ ಚಿಲಕ ಸರಿಮಾಡಿಸಿದ್ದೇನೆ, ಅಂದರೆ ನನ್ನಾಕೆ ಮಾಡಿಸಿದ್ದಾಳೆ, ನಾನು ನೋಡುತ್ತಾ ನಿಂತಿದ್ದೆ. ಮಂಡಿ ಜೋಪಾನ. ನೀನು ಹಾಕುವ ಗುರುತುಗಳ ಮೇಲೆ ಬೇಗ ರೈಲು ಓಡಲಿ, ಅದರ ಮೊದಲ ಗಾಡಿಯಲ್ಲೇ ನೀನು ಮನೆಗೆ ಬರುವಂತಾಗಲಿ.

ನಿನ್ನ ಕಾಲೆಳೆಯುವುದರಲ್ಲೇ ದೊಡ್ಡವನಾದ,
ತಮ್ಮ

ತಾ.ಕ.: ಜೀಪಿನವನು ಎರಡು ಸಲ ಹಾರ್ನ್ ಹೊಡೆದಾಯಿತು. ಎಣ್ಣೆ ಸೀಸೆಯನ್ನು ಅವನ ಕೈಗೆ ಕೊಡಲು ಕೆಳಗೆ ಹೋದವನಿಗೆ ಮೇಡಂ ಸಿಕ್ಕಿದರು, ಅದಕ್ಕೆ ಇಷ್ಟು ಸೇರಿಸುತ್ತಿದ್ದೇನೆ. ನಿನ್ನ ಷರತ್ತನ್ನು ವಾಪಸು ತೆಗೆದುಕೋ. ಸೆಂಟಿಮೀಟರ್ ನೋಡಿ ಹೇಳುತ್ತಿಲ್ಲ. ಅವಳಿಗೆ ಇನ್ನೊಂದು ವರ್ಷ ಕೊಡು, ಪಾಠ ಹೇಳಿಕೊಡುವ ಜವಾಬ್ದಾರಿ ನನ್ನದು, ಗಣಿತವೊಂದನ್ನು ಬಿಟ್ಟು. ಯಾಕೆ ಎಂದು ಹೇಳಬೇಕಾದರೆ ಮೇಲೆ ಬರೆದದ್ದನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ತಿಳಿದ ಕ್ಷಣವೇ ಹೇಳಿದೆ ಎಂದೆನಲ್ಲ, ಆ ಕ್ಷಣ ಮಂಗಳವಾರ ಸಂಜೆ ಶುರುವಾಗಿ ಗುರುವಾರ ಸಂಜೆಯ ತನಕ ಇತ್ತು. ಮೇಡಂಗೆ ನಾನೇ ಹೇಳುತ್ತೇನೆಂದು ಹೊಂಡದಣ್ಣನ ಬಾಯಿ ಕಟ್ಟಿದ್ದೆ. ಅಲ್ಲಿಯವರೆಗೆ ಟೇಪು ನನ್ನ ಹಾಸಿಗೆಯ ಕೆಳಗಿತ್ತು, ಕಳೆದುಹೋಗಿದೆ ಎಂದು ಎಲ್ಲರ ಜೊತೆ ನಾನೂ ಹುಡುಕಿದೆ. ಇವಳು ಮಂಗಳವಾರ ಬೆಳಿಗ್ಗೆ ಐದೂವರೆಗೇ, ಹೊಂಡದಣ್ಣ ವಾಪಸು ಬರುವ ಮೊದಲೇ, ಮೇಡಂ ಹತ್ತಿರ ಹೋಗಿ ಹೇಳಿದ್ದಳಂತೆ: "ನಾನು ನಿನ್ನೆ ಐದು ಹಾರಿಲ್ಲ ಮೇಡಂ. ಬಿದ್ದ ಜಾಗ ಬಿದ್ದವಳಿಗೆ ಗೊತ್ತಾಗಲ್ವಾ? ನನ್ನ ಹೆಸರು ಅಳಿಸಿಬಿಡಿ. ಮಾವನಿಗೆ ಮಾತ್ರ ಹೇಳಬೇಡಿ, ಪಾಪ, ತುಂಬಾ ಖುಷಿಯಲ್ಲಿದ್ದಾರೆ." ಕಪ್ಪುಹಲಗೆಯಿಂದ ಹೆಸರು ಆವತ್ತು ರಾತ್ರಿಯೇ ಹೋಗಿತ್ತು. ಮೂರು ಹೊತ್ತೂ ಅದರ ಕೆಳಗೇ ಕೂತು ಉಂಡ ನಾನು, ಆ ಹೆಸರನ್ನು ನೋಡಲಾರದೆ ತಲೆ ಎತ್ತಿರಲಿಲ್ಲ. ಗುರುವಾರ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತು ನಾನು ಹೇಳಿದ ಸತ್ಯವನ್ನು, ಅವರಿಬ್ಬರೂ ಮೊದಲ ಸಲ ಕೇಳುವವರ ಹಾಗೆ ಕೂತು ಕೇಳಿದರು.