ಅಡುಗೆಮನೆಗೆ ಹಳದಿ ಬಣ್ಣ

ಮನೆಯಿಂದ,
ಗುರುವಾರ ಸಂಜೆ

ಪ್ರೀತಿಯ ಚೂಟಿ,

ಹೇಗಿದ್ದೀಯ? ಕೈ ನಡುಕ ನಿಂತಿತೆ? ನಿದ್ದೆ ಹತ್ತುತ್ತಿದೆಯೆ? ಹೋದ ಸಲ ನೋಡಿದಾಗ ನಿನ್ನ ಕೆನ್ನೆ ಸ್ವಲ್ಪ ತುಂಬಿಕೊಂಡಿತ್ತು. ಅಲ್ಲಿನ ಊಟ ಸಪ್ಪೆಯಾದರೂ ಮೈಗೆ ಹತ್ತುತ್ತಿದೆಯಲ್ಲ ಅಂದುಕೊಂಡೆ. ಭಾನುವಾರ ಮನೆಗೆ ಕರೆದುಕೊಂಡು ಹೋಗಬಹುದು ಅಂತ ಕುಡಿತ ಬಿಡಿಸುವ ಕೇಂದ್ರದ ಮೇಡಂ ಹೇಳಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆಮೇಲೆ ಅವರು ನನ್ನ ಮುಖ ನೋಡಿ ಹೇಳಿದ್ದನ್ನು ನೀನೂ ಕೇಳಿಸಿಕೊಂಡೆ. "ಇವರು ಬಿಟ್ಟಿದ್ದಾರೆ, ಸರಿ. ಆದ್ರೆ ಮನೇಲಿ ಇನ್ನೊಬ್ರು ಕುಡೀತಿದ್ರೆ ಇವರು ಉಳಿಯೋದಿಲ್ಲ." ನಾನು ಎದೆ ತಟ್ಟಿಕೊಂಡು "ನಾನೂ ಬಿಟ್ಟಾಯ್ತು ಮೇಡಂ" ಅಂದೆ. ನೀನು ನನ್ನ ಕೈ ಹಿಡಿದುಕೊಂಡೆ. ಆ ಹಿಡಿತ ಇನ್ನೂ ಕೈಯಲ್ಲೇ ಇದೆ.

ಮನೆಯ ಸುದ್ದಿ ಅಂದರೆ, ಅಡುಗೆಮನೆಗೆ ಹಳದಿ ಬಣ್ಣ ಹೊಡೆದೆ. ಕಂಡವರ ಮನೆಗೆಲ್ಲ ಬಣ್ಣ, ನಮ್ಮನೆಗೆ ಮಸಿ ಅಂತ ರೇಗಿಸುತ್ತಿದ್ದೆಯಲ್ಲ, ಇನ್ನು ಬಾಯಿ ಮುಚ್ಚಿಕೊಂಡಿರಬೇಕು. ನಾವಿಬ್ಬರೂ ಕೂತು ಕುಡಿಯುತ್ತಿದ್ದ ಮೂಲೆಯಲ್ಲಿ ಗೋಡೆಯ ಮೇಲೆ ಬೆನ್ನಿನ ಗುರುತು ಮೂಡಿತ್ತು, ನೆನಪಿದೆಯೆ? ದೊಡ್ಡ ಕೊಳೆ ನನ್ನದು, ಪಕ್ಕದ ಚಿಕ್ಕದು ನಿನ್ನದು. ಎಷ್ಟು ಸಲ ಬಳಿದರೂ ಇಣುಕುತ್ತಿತ್ತು, ಕೊನೆಗೂ ಮುಚ್ಚಿದೆ. ಗೋಡೆ ಸೂರಿಗೆ ಕೂಡುವ ಕಡೆ ಗೆರೆ ಮಾತ್ರ ಸೊಟ್ಟಗಾಗಿದೆ. ಟೇಪ್ ಅಂಟಿಸದೆ ಬರಿಗೈಯಲ್ಲಿ ನೇರ ಗೆರೆ ಎಳೆಯುವವನು ಅಂತ ಮೇಸ್ತ್ರಿ ನಾಲ್ಕು ಜನರ ಮುಂದೆ ನನ್ನನ್ನು ಹೊಗಳುತ್ತಿದ್ದರು. ಗೋಡೆಯೇ ಸರಿಯಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಬೀಗ ರಿಪೇರಿಯವನು ದಿನಾ ಸಂಜೆ ಬರುತ್ತಾನೆ. ನೀನಿಲ್ಲದ ಮನೆ ಬಿಕೋ ಅನ್ನುತ್ತದೆ ಅಂತ ನನಗೆ ಜೊತೆ ಕೊಡಲು. ಅವನು ಕೆಟ್ಟವನಲ್ಲ, ನಿನಗೇ ಗೊತ್ತು. ನೀನು ಕುಡಿದು ಬಿದ್ದು ಹಣೆ ಒಡೆದುಕೊಂಡಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ಅವನೇ. "ಭಾನುವಾರ ಅತ್ತಿಗೆ ಬರ್ತಾರೆ, ಸುಮ್ನಿರೋಕಾಗತ್ತಾ, ನಾಲ್ಕು ಜನ ಸೇರೋಣ" ಅನ್ನುತ್ತಾನೆ. ಅವಳು ಬಿಟ್ಟಿದ್ದಾಳೆ ಕಣೋ ಅಂದರೆ "ಅವರಿಗೆ ಜ್ಯೂಸ್ ತಂದ್ರಾಯ್ತು ಬಿಡು" ಅಂದ. ನಗು ಬಂತು, ಆಮೇಲೆ ಭಯವಾಯಿತು. ನಮಗಿರುವುದೆಲ್ಲ ಲೋಟದ ಸ್ನೇಹಿತರೇ ಚೂಟಿ, ಬರೀ ಚಹಾಕ್ಕೆ ಕರೆಯುವವರು ಒಬ್ಬರೂ ಇಲ್ಲ. ಬೀಗ ಜಡಿದು ಒಳಗಿರೋಣ ಅಂದರೆ ಬೀಗದವನೇ ಗೆಳೆಯ.

ನಿನ್ನ ಅಕ್ಕನ ಮನೆಯಲ್ಲಿ ನಮ್ಮ ಮಗಳು ಚೆನ್ನಾಗಿದ್ದಾಳೆ. ನಿನ್ನೆ ನೋಡಲು ಹೋಗಿದ್ದೆ. ಓಡಿಬಂದವಳು ಹತ್ತಿರ ನಿಂತು ಸದ್ದಿಲ್ಲದೆ ನನ್ನ ಬಾಯಿ ಮೂಸಿದಳು. ತಿರುಗಿ ಒಳಗೆ ಹೋಗಿಬಿಟ್ಟಳು. ನಿನ್ನ ಅಕ್ಕ ಕುಡಿಯಲು ನೀರು ತಂದುಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೇಡಂಗೆ ನಮಸ್ಕಾರ ಹೇಳು. ಪಕ್ಕದ ಮಂಚದ ಅಜ್ಜಿಯನ್ನು ಕೇಳಿದೆ ಅಂತ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಆಯಸ್ಸೂ ನಿನಗೇ ಇರಲಿ.

ಇಂತಿ ನಿನ್ನ,
ಬಣ್ಣದವನು

ತಾ.ಕ.: ಇಷ್ಟುದ್ದ ಬರೆದರೂ ಬರೆಯಬೇಕಾದ್ದನ್ನು ಬರೆಯಲು ಕೈ ಏಳಲಿಲ್ಲ. ನಾನು ಬಿಟ್ಟಿಲ್ಲ. ಮೇಡಂ ಮುಂದೆ ಎದೆ ತಟ್ಟಿಕೊಂಡ ದಿನವೇ, ಬಸ್ಸಿಳಿದವನು ನೆಟ್ಟಗೆ ಹೆಂಡದಂಗಡಿಗೆ ಹೋದೆ. ಈಗಲೂ ಲೋಟ ಪಕ್ಕದಲ್ಲೇ ಇದೆ. ಭಾನುವಾರ ನಿನ್ನ ಅಕ್ಕ ಬರುತ್ತಾರೆ, ಕೈಕಾಲು ಹಿಡಿದು ಒಪ್ಪಿಸಿದ್ದೇನೆ. ಅವರ ಜೊತೆ ಹೋಗು. ತನ್ನ ಪಕ್ಕದಲ್ಲೇ ನಿನಗೆ ಹಾಸಿಗೆ ಹಾಸುತ್ತೇನೆ ಅಂತ ಮಗಳು ಹೇಳಿದ್ದಾಳಂತೆ. ನಾನು ಅವರ ಮನೆ ಗೇಟಿನ ಹತ್ತಿರ ಬಂದು ಕರೆದರೂ ಬರಬೇಡ. ಕರೆಯುತ್ತೇನೆ, ನನಗೆ ಗೊತ್ತು. ಅಳುತ್ತೇನೆ. ಹಳದಿ ಗೋಡೆ ನೋಡು ಬಾ ಅಂತ ಪುಸಲಾಯಿಸುತ್ತೇನೆ. ಬರಬೇಡ ಚೂಟಿ.