ಕೈ ಹಿಡಿಯುವ ನೆಪ

ಅಪ್ಪಾ,

ನಮ್ಮ ಐಸಿಯುನಿಂದ ಎರಡು ಮಹಡಿ ಇಳಿದರೆ ನಿಮ್ಮ ಮಂಚ. ಆದರೂ ಈ ಚೀಟಿಯನ್ನು ವಾರ್ಡಿನ ಆಯಾ ಕೈಯಲ್ಲಿ ಕಳಿಸುತ್ತಿದ್ದೇನೆ. "ನೀನು ಬಂದು ನಿಂತ್ರೆ ಪಕ್ಕದ ಮಂಚದವನು ಗೋಡೆ ಕಡೆ ತಿರುಗ್ತಾನೆ ಕಣೇ, ಬರಬೇಡ" ಎಂದಿರಲ್ಲ. ಅವರ ತಪ್ಪಲ್ಲ. ರೋಗಿಯ ಸ್ಥಿತಿ ಕೈಮೀರುತ್ತಿದೆ ಅನ್ನಿಸಿದಾಗಲೇ ವಾರ್ಡಿನವರು ನನ್ನನ್ನು ಕರೆಯುವುದು; ಐಸಿಯುಗೆ ಸಾಗಿಸಬೇಕೋ ಬೇಡವೋ ನೋಡುವುದೇ ನನ್ನ ಕೆಲಸ. ಬೆನ್ನ ಹಿಂದೆ ನನ್ನನ್ನು ಯಮನ ಸೊಸೆ ಅಂತಾರಂತೆ. ಹಾಗಾದರೆ ನೀವು ಯಮನಿಗೆ ಬೀಗರು.

ಬಂದಾಗಲೆಲ್ಲ ನಿಮ್ಮ ಮಣಿಕಟ್ಟು ಹಿಡಿದು ಕೂರುತ್ತಿದ್ದೆ. "ಮಗಳಿಗೆ ಈಗ ಅಪ್ಪನ ಮೇಲೆ ಪ್ರೀತಿ ಉಕ್ಕಿದೆ" ಎಂದು ನೀವು ಸಿಸ್ಟರ್‌ಗೆ ಹೇಳಿದ್ದು ಕೇಳಿಸಿತು. ಅದು ನಮ್ಮ ಕಸುಬಿನ ಉಪಾಯ ಅಪ್ಪಾ. ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದರೆ ಉಸಿರಾಟವೇ ಬದಲಾಗುತ್ತದೆ. ಅದಕ್ಕೇ ನಾಡಿ ನೋಡುವ ನೆಪದಲ್ಲಿ ಎದೆಯ ಏರಿಳಿತ ಎಣಿಸುತ್ತೇವೆ.

ಬೆಳಿಗ್ಗೆ ನೀವು ಡಾಕ್ಟರಿಗೆ "ಐಸಿಯು ಬೇಡ, ಗಂಟಲಿಗೆ ಪೈಪೂ ಬೇಡ" ಎಂದಿರಂತೆ. ಅವರು ಒಪ್ಪಿ ನನಗೂ ತಿಳಿಸಿದರು. ನಾನು ಜಗಳಕ್ಕೆ ಬರುವುದಿಲ್ಲ. ಬೇರೆಯವರ ಅಪ್ಪನಾಗಿದ್ದರೆ ನಾನೂ ಅದನ್ನೇ ಸರಿ ಎನ್ನುತ್ತಿದ್ದೆ.

ಕನ್ನಡಕ ದಿಂಬಿನಡಿ ಇಡಬೇಡಿ, ಮುರಿಯುತ್ತದೆ. ಆಕ್ಸಿಜನ್ ಮಾಸ್ಕಿನ ದಾರ ಕಿವಿ ಉಜ್ಜುತ್ತಿದ್ದರೆ ಹತ್ತಿ ಇಡಿಸಿಕೊಳ್ಳಿ. ಸಂಜೆ ಯೂನಿಫಾರ್ಮ್ ಕಳಚಿಟ್ಟು ಮನೆಯ ಬಟ್ಟೆಯಲ್ಲಿ ಬರುತ್ತೇನೆ. ಬರುವವಳು ನಿಮ್ಮ ಮಗಳು ಎಂದು ಪಕ್ಕದ ಮಂಚದವರಿಗೆ ಮೊದಲೇ ಹೇಳಿ. ನಿಮ್ಮ ಹತ್ತಿರ ನನಗಿನ್ನು ಬೇರೆ ಕೆಲಸವಿಲ್ಲ.

ಕೈ ಹಿಡಿದರೆ ಎಳೆದುಕೊಳ್ಳಬೇಡಿ. ಇವತ್ತು ಎಣಿಸುವುದಿಲ್ಲ.

ನಿಮ್ಮ
ಚಿಕ್ಕವಳು