ಅಜ್ಜಿ ಆರಿಸಿದ ಡೈನಮೋ

ಘನತೆವೆತ್ತ ಅಜ್ಜಿಯವರ ಸನ್ನಿಧಾನಕ್ಕೆ,

ತಾತ ಕೈ ಹಾಕದ ಜಾಗವೆಂದು ಈ ಪತ್ರವನ್ನು ಸಾಸಿವೆ ಡಬ್ಬಿಯಲ್ಲಿಟ್ಟಿದ್ದೇನೆ. ತಾತನ ಹಳೇ ಬೈಕಿಗೆ ಬೇರೆ ಡೈನಮೋ ಆರಿಸುವ ವಿಚಾರದಲ್ಲಿ ನಿಮ್ಮ ನಡವಳಿಕೆ ತೀರಾ ಸಂಶಯಾಸ್ಪದವಾಗಿದೆ.

ಇಷ್ಟು ವರ್ಷ ಆ ಬೈಕನ್ನು "ತುಕ್ಕಿನ ಮೂಟೆ" ಎಂದು ಬೈದವರು ನೀವು. ಈಗ ಮೆಕ್ಯಾನಿಕ್ ಎರಡು ಡೈನಮೋ ತಂದು ಮುಂದಿಟ್ಟರೆ, ಹೆಡ್‌ಲೈಟನ್ನು ಝಗ್ಗನೆ ಉರಿಸುವ ಹೊಸದನ್ನು ಬಿಟ್ಟು, ಮಿಣುಕುಹುಳದಷ್ಟು ಬೆಳಕು ಕೊಡುವ ಹಳೆಯದೇ ಬೇಕೆಂದು ಹಟ ಹಿಡಿದಿರಿ. "ಹಳೇ ಗಾಡಿಗೆ ಹಳೇದೇ ಲಕ್ಷಣ ಕಣೋ" ಅಂದಿರಿ. ಇದರಲ್ಲೇನೋ ಒಳಸಂಚಿದೆ ಎಂದು ನಾನು ತನಿಖೆ ಶುರು ಮಾಡಿದೆ.

ನಿನ್ನೆ ಮುಸ್ಸಂಜೆ ಹಿತ್ತಲಲ್ಲಿ ತಾತ, ತಂತಿಯ ಮೇಲೆ ಒಣಗುತ್ತಿದ್ದ ನನ್ನ ಅಂಗಿಯನ್ನು ಮಬ್ಬು ಬೆಳಕಿನಲ್ಲಿ ನಾನೇ ಅಂದುಕೊಂಡು "ಊಟ ಆಯ್ತೇನೋ?" ಎಂದು ಕೇಳಿದರು. ಉತ್ತರ ಬರಲಿಲ್ಲವೆಂದು ಅದನ್ನು ಬೈದರು ಕೂಡ. ನನಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದ ನೀನು ನಗಲಿಲ್ಲ.

ತನಿಖೆ ಮುಗಿಯಿತು. ಹಳೇ ಡೈನಮೋನೇ ಕೂರಿಸಲು ಹೇಳಿ ಬಂದಿದ್ದೇನೆ. ಆ ಬೆಳಕನ್ನು ನಂಬಿದವರು ಕತ್ತಲಾಗುವ ಮೊದಲೇ ಮನೆ ಸೇರಬೇಕು. ತಾತ ಕೇಳಿದರೆ, ಹೊಸದು ಆ ಗಾಡಿಗೆ ಕೂರಲಿಲ್ಲ ಅಂತ ಇಬ್ಬರೂ ಒಂದೇ ಮಾತು ಹೇಳೋಣ.

ಓದಿ ಒಲೆಗೆ ಹಾಕು.

ನಿನ್ನ ಸಂಶಯಪಿಶಾಚಿ ಮೊಮ್ಮಗ